ಹಕ್ಕಳೆ ಬಿದ್ದ ಮೇಲೆ ಕಂಡ ಗೆರೆ

ಇವತ್ತು ಬೆಳಿಗ್ಗೆ ಪಲ್ಯಕ್ಕೆಂದು ಬಾಳೆದಿಂಡು ಹೆಚ್ಚುತ್ತಿದ್ದೆ. ಹೆಬ್ಬೆರಳಿಗೆ ಅಂಟಿದ ಸೊನೆ ನೋಡನೋಡುತ್ತ ಕಂದುಬಣ್ಣಕ್ಕೆ ತಿರುಗಿತು. ನಿಮ್ಮ ಮನೆಯಲ್ಲೂ ಆಗುವುದೇ. ನೀವು ಕೈ ಉಜ್ಜಿಕೊಂಡು ಕೆಲಸ ಮುಂದುವರಿಸುತ್ತೀರಿ. ನಾನು ಮೆಟ್ಟುಕತ್ತಿಯ ಮೇಲೆ ಕೂತವಳು ಹಾಗೇ ಕೂತುಬಿಟ್ಟೆ.

ನಾನು ಹಚ್ಚೆ ಹಾಕಲು ಕಲಿತದ್ದು ಬಾಳೆದಿಂಡಿನ ಮೇಲೆ. ಕಲಿಸಿದವಳು ತೆಕ್ಕಟ್ಟೆಯಲ್ಲಿದ್ದ ನನ್ನ ಅಮ್ಮಮ್ಮ, ತಾಯಿಯ ತಾಯಿ. ಕಣ್ಣು ಮಂಜಾಗತೊಡಗಿದಾಗ ಅವಳಿಗೆ ಸೂಜಿಗಳನ್ನು ಯಾರಿಗಾದರೂ ಕೊಡಬೇಕಿತ್ತು. ಮನೆಯ ಹೆಣ್ಣುಮಕ್ಕಳಲ್ಲಿ ಸುಮ್ಮನೆ ಕೂರಬಲ್ಲವಳು ನಾನೊಬ್ಬಳೇ ಎಂದು ನನ್ನನ್ನು ಆರಿಸಿದಳು. ಆ ಗುಣ ಒಂದಿತ್ತು, ಕೈ ಇರಲಿಲ್ಲ. ಶಾಲೆಯಲ್ಲಿ ನಾನು ಬರೆದ ಭಾರತದ ನಕ್ಷೆ ನೋಡಿ ಮಾಸ್ಟ್ರು ಇದು ಹಲಸಿನಹಣ್ಣೋ ಎಂದು ಕೇಳಿದ್ದರು.

ಮೂರು ಸೂಜಿ ಸೇರಿಸಿ ನೂಲಿನಿಂದ ಬಿಗಿದು, ದೀಪದ ಮಸಿಯನ್ನು ಸೊಪ್ಪಿನ ರಸದಲ್ಲಿ ಕಲಸಿ ಅದ್ದಿಕೊಳ್ಳಬೇಕು. ದಿಂಡಿಗಾದರೆ ಮಸಿ ಬೇಡ. ಚುಚ್ಚುವಾಗ ಏನೂ ಕಾಣುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟರೆ ಸೊನೆ ಕಪ್ಪಾಗಿ ತಪ್ಪೆಲ್ಲ ಎದ್ದು ಬರುತ್ತದೆ. ಇಲ್ಲಿ ಸೊಟ್ಟಗಾದದ್ದು, ಅಲ್ಲಿ ಬಿಟ್ಟುಹೋದದ್ದು, ಇನ್ನೊಂದು ಕಡೆ ಆಳಕ್ಕಿಳಿದು ಹರಡಿಕೊಂಡದ್ದು.

"ಸೂಜಿ ಎಳೂಕಾಗ, ಕುತ್ಕ್," ಎನ್ನುತ್ತಿದ್ದಳು ಅಮ್ಮಮ್ಮ. ಸೂಜಿಯನ್ನು ಎಳೆಯಬಾರದು, ಚುಚ್ಚಬೇಕು; ಒಂದು ಚುಕ್ಕೆಯ ಮಗ್ಗುಲಿಗೇ ಇನ್ನೊಂದು ಬರಬೇಕು. ಎಡಗೈ ಹೆಬ್ಬೆರಳು ಚರ್ಮವನ್ನು ಬಿಗಿಯಾಗಿ ಹಿಡಿದಿರಬೇಕು. ಕಣ್ಣು ಇರಬೇಕಾದದ್ದು ಸೂಜಿಯ ಮೇಲಲ್ಲ, ಗೆರೆ ಹೋಗಿ ಮುಟ್ಟುವ ಕಡೆ.

ಮದುವೆಯಾಗಿ ಗಂಗೊಳ್ಳಿಗೆ ಬಂದೆ. ನಮ್ಮ ಮನೆಯವರು ಮೀನಿನ ದೋಣಿಗೆ ಹೋಗುವವರು. ಮುಂಗೈ ಮೇಲೆ ಒಂದು ದೋಣಿ ಬೇಕೆಂದು ಅವರಿಗೆ ಆಸೆ. ನಾನು ದಿಂಡಿನ ಮೇಲೆ ಹಾಕಿದ ದೋಣಿಯನ್ನು ಎತ್ತಿ ಬೆಳಕಿಗೆ ಹಿಡಿಯುತ್ತಿದ್ದರು.

"ಹ್ವಾಯ್, ಇದೆಂತ ದೋಣಿಯಾ? ಇಷ್ಟ್ ಕಡೆ ಬಿಟ್ಟ್ ಹೋಯ್ತಲ್ದಾ. ಹತ್ತಿ ಕೂತ್ರೆ ನೀರ್ ಒಳ್ಗ್ ಬತ್ತ್."

"ಹಂಗಾರೆ ಬೇರೆಯವ್ರ ಹತ್ರ ಹಾಕ್ಸ್ಕಣಿ."

"ನಂಗೆ ಅರ್ಜೆಂಟಿಲ್ಲ ಮಾರಾಯ್ತಿ. ನೀರ್ ಬರ್ದಿದ್ ದೋಣಿ ಕಲಿ. ಕಾಯ್ತೆ."

ಆ ಮಳೆಗಾಲ ದೋಣಿಗಳೆಲ್ಲ ದಡದಲ್ಲಿದ್ದವು. ಗೊನೆ ಕಡಿದವರ ಮನೆಯಿಂದೆಲ್ಲ ಅವರು ದಿಂಡು ಹೊತ್ತು ತಂದರು. ನಾನು ಚುಚ್ಚಿದೆ, ಇಬ್ಬರೂ ಅದನ್ನೇ ಪಲ್ಯ ಮಾಡಿಕೊಂಡು ತಿಂದೆವು. ಮಳೆ ಬಿಡುವ ಹೊತ್ತಿಗೆ ಗೆರೆ ಸ್ವಲ್ಪ ನನ್ನ ಮಾತು ಕೇಳತೊಡಗಿತ್ತು.

ಅಮ್ಮಮ್ಮನನ್ನು ಕರೆಸಿ, ಅವಳ ಎದುರೇ ಅವರ ಎಡಗೈ ಮೇಲೆ ದೋಣಿ ಹಾಕಿದೆ. ಅವರು ತುಟಿ ಕಚ್ಚಿಕೊಂಡು ಕೂತಿದ್ದರು. ಅಮ್ಮಮ್ಮ ಬೆರಳ ತುದಿಯಿಂದ ಊದಿದ ಚರ್ಮ ಸವರಿ ಹೇಳಿದಳು, "ಈಗ್ಳೇ ಕುಶಿ ಪಡೂಕಾಗ. ಹಕ್ಳೆ ಬಿದ್ದ್ ಮೇಲೆ ಕಾಂಬ. ಅಲ್ಲಿವರೆಗೆ ಉಪ್ಪ್‌ನೀರ್ ತಾಗೂಕಾಗ."

"ಅದನ್ನ್ ಮೀನಿಗ್ ಹೇಳಿ ಅಮ್ಮಮ್ಮ, ತಾವೇ ದಡಕ್ಕ್ ಬರ್ಲಿ," ಅಂದರು ಇವರು.

ಗಾಯ ಒಣಗಿ ಗೆರೆಯ ಮೇಲೆ ಹಕ್ಕಳೆ ಕಟ್ಟಿತು. ಅದು ಉದುರುವ ಮೊದಲೇ ಕಡಲಿಗೆ ಹೊರಟರು. ಹೊಳೆ ಕಡಲು ಸೇರುವ ಅಳಿವೆಯ ಬಾಯಿಯಲ್ಲಿ ದೋಣಿ ಮಗುಚಿತು. ಉಳಿದವರು ಈಜಿ ದಡ ಸೇರಿದರು. ಇವರು ಸಿಕ್ಕಿದ್ದು ಆಮೇಲೆ, ಬೈಂದೂರಿನ ಕಡೆಯ ಮರಳಿನಲ್ಲಿ.

ನನ್ನನ್ನು ಕರೆದುಕೊಂಡು ಹೋದರು. ನಾನು ಮೊದಲು ನೋಡಿದ್ದು ಮುಖವನ್ನಲ್ಲ, ಎಡಗೈಯನ್ನು. ಉಪ್ಪುನೀರು ಹಕ್ಕಳೆ ತೆಗೆದಿತ್ತು. ದೋಣಿಯ ತಳದ ಗೆರೆ ಎಲ್ಲೂ ಬಿಟ್ಟಿರಲಿಲ್ಲ, ಬಾಗಬೇಕಾದಲ್ಲಿ ಮಾತ್ರ ಬಾಗಿತ್ತು. ಅಷ್ಟು ಒಳ್ಳೆಯ ಗೆರೆ ನಾನು ಎಂದೂ ಹಾಕಿರಲಿಲ್ಲ. ಹಾಗಂತ ಅಲ್ಲಿ ಕೂತೇ ನನಗೆ ಅನ್ನಿಸಿತು ಕೂಡ. ಅದನ್ನು ಯಾರ ಹತ್ತಿರ ಹೇಳಲಿ? ನೋಡಿ ಹೇಳಬೇಕಾದವರು ಅವರು.

ಅಮ್ಮಮ್ಮ ಬಂದಳು. ಪಕ್ಕದಲ್ಲಿ ಕೂತು, "ಗೆರೆ ಹ್ಯಾಂಗ್ ಬಂದಿತ್ತ್?" ಎಂದು ಕೇಳಿದಳು.

"ಸಮ ಬಂದಿತ್ತ್."

ಆಗ ಅತ್ತಳು.

ಆಮೇಲೆ ನಾನು ಸೂಜಿ ಮುಟ್ಟಿರಲಿಲ್ಲ. ಈಗಲೂ ಯಾರಾದರೂ ಬಂದು ಮಗಳ ಕೈಗೆ ಒಂದು ಹೆಸರು ಹಾಕಿಕೊಡಿ ಎನ್ನುತ್ತಾರೆ. ಕಣ್ಣು ಸರಿಯಿಲ್ಲ ಎಂದು ಕಳಿಸುತ್ತೇನೆ. ಕೈಯೇ ಹೋಯಿತು ಎಂದು ನನಗೆ ನಾನೇ ಹೇಳಿಕೊಂಡಿದ್ದೆ, ಇವತ್ತಿನವರೆಗೆ.

ಇವತ್ತು ಸೆರಗಿನ ಪಿನ್ನು ತೆಗೆದು ದಿಂಡಿನ ಮೇಲೆ ಉದ್ದಕ್ಕೆ ಒಂದು ಗೆರೆ ಚುಚ್ಚಿದೆ. ಬೆರಳುಗಳು ಏನನ್ನೂ ಮರೆತಿಲ್ಲ. ಇನ್ನು ಸ್ವಲ್ಪ ಹೊತ್ತು ಕೂತಿದ್ದರೆ ಕಪ್ಪಾಗಿ ಎದ್ದು ಬರುತ್ತಿತ್ತು, ಸಮವಾಗಿಯೇ ಬರುತ್ತಿತ್ತು.

ದಿಂಡನ್ನು ತೆಳ್ಳಗೆ ಹೆಚ್ಚಿ ಮಜ್ಜಿಗೆ ನೀರಿಗೆ ಹಾಕಿದೆ. ಅದರಲ್ಲಿ ಹಾಕಿಟ್ಟರೆ ಕಪ್ಪಾಗುವುದಿಲ್ಲ.