ಕಪ್ಪು ಕಾರಿಗೆ ಎರಡು ಬಕೆಟ್ಟು

ಆಯುಧಪೂಜೆ ಕಳೆದು ನಾಲ್ಕು ದಿನವಾಗಿತ್ತು. ಅಮ್ಮ ಕೆಲಸದಿಂದ ಮನೆಗೆ ಬಂದವಳು ಬಕೆಟ್ಟನ್ನು ಬಾಗಿಲ ಹೊರಗೇ ಬಿಟ್ಟು ಒಳಗೆ ಬಂದು ಕೂತು, "ಇನ್ ಒಂದ್ ವಾರ ಅಷ್ಟೇ ಕಣೇ ನನ್ ಕೆಲ್ಸ" ಎಂದಳು.

ಅಮ್ಮ ಅಟ್ಟೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಕಾರು ಒರೆಸುತ್ತಾಳೆ. ಬೆಳಗ್ಗೆ ಐದೂವರೆಗೆ ಶುರು ಮಾಡಿದರೆ ಎಂಟೂವರೆಯೊಳಗೆ ಇಪ್ಪತ್ತೆರಡು ಕಾರು ಮುಗಿದಿರಬೇಕು. ಹನ್ನೊಂದು ವರ್ಷದಿಂದ ಇದೇ ಕೆಲಸ. ಆ ಸಂಬಳದಲ್ಲೇ ನಾನು ಬಿ.ಎಸ್ಸಿ. ಮುಗಿಸಿದ್ದು. ಅಪ್ಪನ ಕಡೆಯವರು, ಅಮ್ಮನ ಕಡೆಯವರು ಎಲ್ಲರನ್ನೂ ಎಣಿಸಿದರೂ ಡಿಗ್ರಿ ಮಾಡಿದ ಮೊದಲನೆಯವಳು ನಾನೇ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕೆಮಿಸ್ಟ್ರಿಯ ಒಂದು ಪೇಪರನ್ನು ಮೂರು ಸಲ ಬರೆದು ಪಾಸು ಮಾಡಿದ್ದೇನೆ, ಅದನ್ನೂ ಹೇಳುತ್ತೇನೆ. ಈಗ ಹೆಬ್ಬಾಳದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ.

ಆಗಿದ್ದು ಇಷ್ಟು. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಬ್ಯಾಂಕಿನಿಂದ ನಿವೃತ್ತರಾದವರು. ಅವರು ಆರು ತಿಂಗಳ ಹಿಂದೆ ಕಪ್ಪು ಬಣ್ಣದ ಹೊಸ ಕಾರು ತೆಗೆದುಕೊಂಡಿದ್ದರು. ಹಬ್ಬದ ದಿನ ಅದರ ಬಾನೆಟ್ಟಿಗೆ ವಿಭೂತಿ ಪಟ್ಟೆ ಎಳೆದು, ನಡುವೆ ಕುಂಕುಮ ಇಟ್ಟಿದ್ದರು. ಮಾರನೆಯ ದಿನ ಅಮ್ಮ ಎಂದಿನಂತೆ ಒರೆಸಿದ್ದಳು. ಆಮೇಲೆ ಕಾರನ್ನು ಬಿಸಿಲಿಗೆ ತೆಗೆದಾಗ ನೋಡಿದರೆ ಬಾನೆಟ್ಟಿನ ತುಂಬ ಗೀರು. ಜೇಡರ ಬಲೆಯ ಹಾಗೆ ಸುತ್ತುಸುತ್ತು. ಕಾರ್ಯದರ್ಶಿಯವರು ಕಿರುಚಾಡಲಿಲ್ಲ, ಆ ಮಾತು ಒಪ್ಪಬೇಕು. ಮುಂದಿನ ತಿಂಗಳಿಂದ ಮಷಿನ್ ಇಟ್ಟುಕೊಂಡು ತೊಳೆಯುವ ಕಂಪನಿಯವರು ಬರುತ್ತಾರೆ, ಈ ವಾರ ಮುಗಿಸಿಕೊಂಡು ಹೋಗಿ ಅಂದರಂತೆ.

"ಹೆಂಗ್ ಒರೆಸ್ದೆ ಅಮ್ಮಾ?"

"ಇನ್ನೆಂಗ್ ಒರೆಸ್ತಾರೆ? ಒಣಬಟ್ಟೇಲಿ, ಗಟ್ಟಿಯಾಗಿ."

"ನೀರ್ ಹಾಕ್ಬಾರ್ದಿತ್ತಾ?"

ಅಮ್ಮ ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು. "ದೇವ್ರ ಕುಂಕುಮುಕ್ಕೆ ನೀರ್ ಉಯ್ದ್ರೆ ಎಲ್ಗೇ ಓಯ್ತದೆ? ನೆಲುಕ್ಕೆ. ಆಮೇಕೆ ಎಲ್ಲಾ ಚಪ್ಲೀಲಿ ತುಳ್ಕೊಂಡ್ ಓಡಾಡಾಕಾ? ಒಣಬಟ್ಟೇಲೇ ಒರ್ಸಿ, ಬಟ್ಟೇನ ಕಣಗಿಲೆ ಗಿಡದ ಬುಡುಕ್ಕೆ ಒದ್ರುದ್ನಪ್ಪಾ. ವರ್ಷ ವರ್ಷಾನೂ ಅಂಗೇ ಮಾಡೋದು."

ನನಗೆ ತಟ್ಟನೆ ಹೊಳೆಯಿತು. ವಿಭೂತಿ ಅಂದರೆ ಬೂದಿ. ಬೂದಿಯಲ್ಲಿ ಕಣ್ಣಿಗೆ ಕಾಣದ ಹರಳು ಇರುತ್ತದೆ. ಪಾತ್ರೆ ಫಳಫಳ ಅನ್ನಲಿ ಅಂತ ನಾವೇ ಬೂದಿಯಲ್ಲಿ ಉಜ್ಜುತ್ತಿರಲಿಲ್ಲವೇ? ಅದನ್ನೇ ಒಣಬಟ್ಟೆಯಲ್ಲಿ ಬಣ್ಣದ ಮೇಲೆ ತಿಕ್ಕಿದರೆ ಉಪ್ಪುಕಾಗದದಲ್ಲಿ ತಿಕ್ಕಿದ ಹಾಗೆ. ಇಷ್ಟು ವರ್ಷ ಬಿಳಿ, ಬೆಳ್ಳಿ ಬಣ್ಣದ ಕಾರುಗಳು ಆ ಗುಟ್ಟನ್ನು ಬಚ್ಚಿಟ್ಟುಕೊಂಡಿದ್ದವು. ಕಪ್ಪು ಕಾರು ಹೇಳಿಬಿಟ್ಟಿತು. ಅಮ್ಮ ತಲೆ ಮೇಲೆ ಕೈ ಹೊತ್ತು ಕೂತಿದ್ದಳು. ನನಗೋ, ಸುಳ್ಳೇಕೆ ಹೇಳಲಿ, ಒಳಗೊಳಗೇ ಕುಣಿಯುವ ಹಾಗಾಗಿತ್ತು. ಮೂರು ವರ್ಷ ಓದಿದ ಕೆಮಿಸ್ಟ್ರಿ ಮೊದಲ ಸಲ ನಮ್ಮ ಮನೆಯ ಕೆಲಸಕ್ಕೆ ಬಂದಿತ್ತು.

ಅವತ್ತು ಸಂಜೆ ಅಮ್ಮನನ್ನು ಕರೆದುಕೊಂಡು ಕಾರ್ಯದರ್ಶಿಯವರ ಮನೆಗೇ ಹೋದೆ.

"ಸರ್, ಭಾನುವಾರದ ತನಕ ಟೈಮ್ ಕೊಡಿ. ಗೀರು ಮಾಯ ಮಾಡ್ತೀನಿ ಅನ್ನಲ್ಲ. ಕಮ್ಮಿ ಮಾಡ್ತೀನಿ. ಇನ್ಮೇಲೆ ಬೀಳದ ಹಾಗೂ ಮಾಡ್ತೀವಿ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಏನ್ ಓದಿದೀಯಮ್ಮಾ?"

"ಬಿಎಸ್ಸಿ ಸರ್. ಕೆಮಿಸ್ಟ್ರಿ."

"ಕೆಮಿಸ್ಟ್ರಿಗೂ ಕಾರಿಗೂ ಏನ್ ಸಂಬಂಧ?"

"ಇದೆ ಸರ್, ಭಾನುವಾರ ಗೊತ್ತಾಗುತ್ತೆ" ಎಂದುಬಿಟ್ಟೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ. ಅವರಿಗೆ ನಗು ಬಂತು. ಭಾನುವಾರ ಬೆಳಗ್ಗೆ ಏಳಕ್ಕೆ ಅಂತ ತೀರ್ಮಾನವಾಯಿತು. ಬಾನೆಟ್ಟು ಅವರಿಗೆ ಒಪ್ಪಿಗೆಯಾದರೆ ಅಮ್ಮನ ಕೆಲಸ ಉಳಿಯುತ್ತದೆ. ಇಲ್ಲವಾದರೆ ಕಂಪನಿಯವರು ಬರುತ್ತಾರೆ.

ಲಿಫ್ಟಿನಲ್ಲಿ ಇಳಿಯುವಾಗ ಅಮ್ಮ ಕೇಳಿದಳು, "ನೀನ್ ಯಾವತ್ತಾದ್ರೂ ಕಾರ್ ತೊಳ್ದಿದ್ದೀಯೇನೇ?"

"ಇಲ್ಲ."

"ಚೆಂದಾಯ್ತು ಬುಡು."

ಎರಡು ದಿನ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಫೋನಿನಲ್ಲಿ ಕಾರು ತೊಳೆಯುವ ವಿಡಿಯೋ ನೋಡಿದ್ದೇ ನೋಡಿದ್ದು. ಕೊಡಿಗೇಹಳ್ಳಿಯ ಸ್ಟಾಪು ದಾಟಿ ಹೋಗಿದ್ದೂ ಗೊತ್ತಾಗಲಿಲ್ಲ. ನೊರೆ ಉಗುಳುವ ಗನ್ನು, ಒತ್ತಡದ ಪಂಪು, ಬಣ್ಣದ ಮೇಲಿನ ಕೊಳೆ ಎತ್ತುವ ಜೇಡಿಮಣ್ಣಿನಂಥ ಉಂಡೆ, ಟೈರಿಗೆ ಒಂದು ಎಣ್ಣೆ, ಡ್ಯಾಶ್‌ಬೋರ್ಡಿಗೆ ಇನ್ನೊಂದು. ಕಂಡದ್ದೆಲ್ಲ ಬೇಕು ಅನ್ನಿಸಿತು. ನನ್ನ ಪಟ್ಟಿಗೆ ಒಂಬತ್ತು ಸಾವಿರ ಆಗುತ್ತಿತ್ತು. ಕೈಯಲ್ಲಿದ್ದದ್ದು ದೀಪಾವಳಿಗೆ ಚೂಡಿದಾರ ತೆಗೆದುಕೊಳ್ಳಲೆಂದು ಇಟ್ಟುಕೊಂಡಿದ್ದ ಎರಡು ಸಾವಿರ.

ಶುಕ್ರವಾರ ಲ್ಯಾಬು ಬಿಟ್ಟ ಮೇಲೆ ಆರ್.ಟಿ. ನಗರಕ್ಕೆ ಹೋದೆ. ಮುಖ್ಯರಸ್ತೆಯಿಂದ ಒಳಗೆ ಕಾರಿನ ಸಾಮಾನು ಮಾರುವ ಒಂದು ಸಣ್ಣ ಅಂಗಡಿ. ಒಳಗೆ ಕಾಲಿಟ್ಟ ಕೂಡಲೇ ಕಾಲೇಜಿನ ಲ್ಯಾಬಿಗೆ ವಾಪಸು ಬಂದ ಹಾಗಾಯಿತು. ಗೋಡೆಯುದ್ದಕ್ಕೂ ನೀಲಿ, ಹಸಿರು, ಗುಲಾಬಿ ಬಣ್ಣದ ಬಾಟಲಿಗಳು. ಒಂದೊಂದರ ಹಿಂದಿನ ಚೀಟಿಯನ್ನೂ ಓದುತ್ತಾ ನಿಂತೆ. ಅಂಗಡಿಯವರು ಬಿಳಿ ಗಡ್ಡದ ಮುಸ್ಲಿಂ ಹಿರಿಯರು. ಗಲ್ಲಾದ ಹಿಂದಿನಿಂದ ಸುಮ್ಮನೆ ನೋಡುತ್ತಿದ್ದರು.

"ಈ ಶಾಂಪೂದು ಪಿಎಚ್ ಎಷ್ಟು ಸರ್?"

"ಯಾ ಅಲ್ಲಾ!" ಎಂದು ಅವರು ಎದ್ದೇಬಿಟ್ಟರು. "ಮೂವತ್ ವರ್ಷ ಆಯ್ತು ಈ ಅಂಗ್ಡಿ ಇಟ್ಟು. ಎಲ್ಲಾರೂ ರೇಟ್ ಕೇಳ್ತಾರೆ. ಪಿಎಚ್ ಕೇಳಿದ್ದು ನೀವೇ ಫಸ್ಟು ಬೇಟಾ. ಗಾಡಿ ಯಾವ್ ಕಲರ್?"

"ಕಪ್ಪು. ತಗೊಂಡು ಆರು ತಿಂಗಳಾಯ್ತು."

"ಅಷ್ಟ್ ಕಷ್ಟ ಅದು, ಕಪ್ಪು ತೊಳ್ಯೋರ್ಗೆ ಜನ್ನತ್ ಗ್ಯಾರಂಟಿ, ಸೀದಾ ಸ್ವರ್ಗ. ಕೊಡಿ ಲಿಸ್ಟು."

ಅವರು ಪೆನ್ನು ತೆಗೆದುಕೊಂಡು ಪಟ್ಟಿಯ ಮೇಲೆ ಅಡ್ಡಗೆರೆ ಎಳೆಯುತ್ತಾ ಹೋದರು. "ನೊರೆ ಗನ್ನು ಬ್ಯಾಡ, ಷೋಕಿ. ಉಂಡೆ ಬ್ಯಾಡ, ಆರ್ ತಿಂಗ್ಳ ಗಾಡಿಗೆ ಯಾಕೆ? ಟೈರ್ ಎಣ್ಣೆ ಬ್ಯಾಡ. ಟೈರು ಮಿಂಚಿದ್ರೆ ಯಾರ್ ನೋಡ್ತಾರೆ?" ಗೀಚಿ ಮುಗಿಸಿ ಪೆನ್ನು ಮುಚ್ಚಿದರು. "ಕೇಳಿ. ದುಡ್ಡೆಲ್ಲಾ ಬಟ್ಟೆ ಮ್ಯಾಲೆ ಹಾಕಿ, ಬಾಟ್ಲಿ ಮ್ಯಾಲೆ ಹಾಕ್ಬ್ಯಾಡಿ. ಗೀರು ಬೀಳೋದು ಬಟ್ಟೆಯಿಂದ."

ಮೈಕ್ರೋಫೈಬರ್ ಬಟ್ಟೆಗಳ ಕಟ್ಟು ತಂದು ಮುಂದೆ ಹಾಕಿದರು. ಕಣ್ಣು ಮುಚ್ಚಿ ಮುಂಗೈ ಮೇಲೆ ಎಳೆದು ನೋಡಿ ಅಂದರು. ಅಗ್ಗದ್ದು ಚರ್ಮಕ್ಕೆ ತರಚುತ್ತಿತ್ತು, ಒಳ್ಳೆಯದು ಬೆಕ್ಕಿನ ಮೈ ತಾಗಿದ ಹಾಗಿತ್ತು. ಅಂಚಿನ ಹೊಲಿಗೆ ಗಟ್ಟಿಯಿದ್ದರೆ ಅದೂ ಗೀರುತ್ತದಂತೆ. ಬಣ್ಣದ ಮೈಗೆ ಆರು ಹಳದಿ, ಗಾಜಿಗೆ ಎರಡು ನೀಲಿ, ಚಕ್ರಕ್ಕೆ ಎರಡು ಬೂದು. ನೀರು ಹೀರಲು ದಪ್ಪದ್ದೊಂದು ಟವೆಲು. ಕಂಬಳಿಹುಳು ಅಂಟಿಸಿದಂಥ ಒಂದು ಕೈಗವಸು, ಶಾಂಪೂ ಹಚ್ಚಲು. ಕ್ಷಾರದ ಅಂಶ ಕಮ್ಮಿಯಿರುವ ಶಾಂಪೂ ಸಣ್ಣದು. ಗೀರಿಗೆ ತುಂಬ ನಯವಾದ ಪಾಲಿಶ್, ಅದೂ ಸಣ್ಣದೇ. ಕೊನೆಗೆ ಮಿಕ್ಕಿದ್ದರಲ್ಲಿ ಒಂದು ಖಾಲಿ ಸ್ಪ್ರೇ ಬಾಟಲಿ.

ದೊಡ್ಡ ವ್ಯಾಕ್ಸ್ ಡಬ್ಬಿಯ ಮೇಲೆ ನನ್ನ ಕಣ್ಣು ಇನ್ನೂ ಇತ್ತು. ಅವರು ಅದನ್ನು ಮೇಲಿನ ಶೆಲ್ಫಿಗೆ ಎತ್ತಿಟ್ಟರು. "ದುಡಿದು ಬಂದು ತಗೊಳ್ಳಿ. ಇವತ್ತು ಕೊಡಲ್ಲ." ಮಾರುವವರೇ ಕೊಡಲ್ಲ ಅಂದದ್ದನ್ನು ನಾನು ಅಲ್ಲಿ ಮೊದಲ ಸಲ ಕಂಡೆ. ಬೂದಿಯ ವಿಷಯ, ಅದು ನೆಲಕ್ಕೆ ಬೀಳಬಾರದೆನ್ನುವ ಅಮ್ಮನ ಮಾತು ಹೇಳಿದಾಗ ಅವರು ನಗಲಿಲ್ಲ. "ಅಮ್ಮ ಸರಿಯಾಗೇ ಹೇಳಿದಾರೆ. ಇಬಾದತ್ತಿನ ಸಾಮಾನು, ಪೂಜೆ ಸಾಮಾನು, ಕಾಲಡಿಗೆ ಹೋಗ್ಬಾರ್ದು. ದಾರಿ ಹುಡುಕಿ" ಎಂದರು.

ಯಲಹಂಕದಲ್ಲಿ ಇಳಿದು ಒಂದು ಕೆಂಪು ಬಕೆಟ್ಟು ಕೊಂಡೆ. ಮನೆಯಲ್ಲಿದ್ದದ್ದು ನೀಲಿ. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಕೊಳೆಯಾದ ಕೈಗವಸನ್ನು ಬರೀ ನೀರಿನಲ್ಲಿ ಜಾಲಿಸಿಯೇ ಶಾಂಪೂವಿಗೆ ಅದ್ದಬೇಕು. ಕೊಳೆ ತಳದಲ್ಲೇ ಕೂರಲಿ ಅಂತ ಬಕೆಟ್ಟಿನೊಳಗೆ ಇಡುವ ಜಾಲರಿಯನ್ನು ಅಂಗಡಿಯಲ್ಲಿ ಮುನ್ನೂರೈವತ್ತಕ್ಕೆ ಮಾರುತ್ತಿದ್ದರು. ನಾನು ಅಡುಗೆಮನೆಯ ತರಕಾರಿ ತೊಳೆಯುವ ತೂತಿನ ಬುಟ್ಟಿಯನ್ನು ಬೋರಲು ಹಾಕಿದೆ.

"ಬೆಂಡೇಕಾಯ್ ಯಾವುದ್ರಲ್ ತೊಳೀಲಿ? ನಿನ್ ಡಿಗ್ರಿ ಸರ್ಟಿಫಿಕೇಟ್ನಲ್ಲಾ?" ಅಂದಳು ಅಮ್ಮ.

ಶನಿವಾರ ಮನೆಯಲ್ಲೇ ಪ್ರಾಕ್ಟೀಸು. ಕಾರಿಲ್ಲವಲ್ಲ, ಕಡುಹಸಿರು ಬಣ್ಣದ ಕಬ್ಬಿಣದ ಬೀರುವೇ ಕಾರು. ಅಮ್ಮನ ಕೈ ಹನ್ನೊಂದು ವರ್ಷದಿಂದ ಗುಂಡಗೆ ತಿರುಗಿ ಅಭ್ಯಾಸವಾದದ್ದು. ಒತ್ತಬೇಡ, ಉದ್ದಕ್ಕೆ ಎಳಿ ಅಂದರೆ, "ಕಾರ್ ಒರೆಸೋದಾ, ಗೋಡೆಗೆ ಸುಣ್ಣ ಒಡೆಯೋದಾ?" ಎಂದು ಗೊಣಗಿದಳು. ಆದರೆ ಅರ್ಧ ಗಂಟೆಯಲ್ಲಿ ನನಗಿಂತ ಚೆನ್ನಾಗಿ ಎಳೆಯುತ್ತಿದ್ದಳು. ಅವಳ ಮಣಿಕಟ್ಟಿನಲ್ಲಿದ್ದ ಹದ ಯಾವ ವಿಡಿಯೋದಲ್ಲೂ ಇರಲಿಲ್ಲ.

ಸಿಕ್ಕಿಬಿದ್ದದ್ದು ಒಂದೇ ಕಡೆ. ಕಾರ್ಯದರ್ಶಿಯವರ ಹೆಂಡತಿ ಈ ಹಬ್ಬದಿಂದ ಪ್ರತಿ ಶುಕ್ರವಾರ ಕಾರಿಗೆ ವಿಭೂತಿ, ಕುಂಕುಮ ಇಡಲು ಶುರು ಮಾಡಿದ್ದರು. ಭಾನುವಾರದ ತನಕ ಅಮ್ಮ ಆ ಕಾರನ್ನು ಮುಟ್ಟುವ ಹಾಗಿಲ್ಲ, ಅಂದರೆ ಅವತ್ತು ಅದು ಬಾನೆಟ್ಟಿನ ಮೇಲೆ ಇದ್ದೇ ಇರುತ್ತದೆ. ನೀರು ಹಾಕದೆ ತೆಗೆದರೆ ಗೀರು, ನೀರು ಹಾಕಿದರೆ ನೆಲಕ್ಕೆ. ಅಮ್ಮ ಪಟ್ಟು ಬಿಡಲಿಲ್ಲ. "ಕೆಲ್ಸ ಓದ್ರೂ ಓಗ್ಲಿ, ಅದುನ್ನ ನೆಲುಕ್ಕೆ ಬುಡಾಕಿಲ್ಲ."

ನಾನು ಬೀರುವಿನ ಮೇಲೆ ಊದುಬತ್ತಿ ಬೂದಿ ಉದುರಿಸಿ, ಒಂದು ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹಿಂಡದೆ ಅದರ ಮೇಲೆ ಹಾಸಿದೆ. ಒಂದು ನಿಮಿಷ ಬಿಟ್ಟು, ಉಜ್ಜದೆ ಮೇಲಕ್ಕೆ ಎತ್ತಿದೆ. ಬೂದಿಯೆಲ್ಲ ಬಟ್ಟೆಗೆ ಬಂದಿತ್ತು. ಬಟ್ಟೆಯನ್ನು ಬಕೆಟ್ಟಿನಲ್ಲಿ ಜಾಲಿಸಿದೆ. ಅಮ್ಮ ಬಗ್ಗಿ ನೋಡಿದಳು.

"ಈ ನೀರ್ನ ಏನ್ ಮಾಡ್ತೀಯ?"

"ನೀನೇ ಹೇಳು."

"ಕಣಗಿಲೆ ಬುಡುಕ್ಕೆ ಉಯ್ತೀನಿ." ಸ್ವಲ್ಪ ಯೋಚಿಸಿ, "ಅಂಗಾದ್ರೆ ಆ ಕೆಲ್ಸ ನಂದು. ನೀನ್ ಮುಟ್ಬ್ಯಾಡ" ಎಂದಳು.

ಭಾನುವಾರ ಏಳಕ್ಕೆ ಕಾರ್ಯದರ್ಶಿಯವರು ಕುರ್ಚಿ ಹಾಕಿಕೊಂಡು ಕೂತರು. ಅವರ ಹೆಂಡತಿಯೂ ಬಂದು ಕೈ ಕಟ್ಟಿ ನಿಂತರು. ಕಾರು ನೆರಳಲ್ಲಿತ್ತು. ಬಾನೆಟ್ಟಿನ ಮೇಲೆ ಶುಕ್ರವಾರದ ಮೂರು ಪಟ್ಟೆ. ಅಮ್ಮ ಒದ್ದೆ ಬಟ್ಟೆಯನ್ನು ಮಗುವಿಗೆ ಹೊದಿಸುವ ಹಾಗೆ ಹಾಸಿ, ಕಾದು, ಎತ್ತಿ, ಜಾಲಿಸಿ, ಬಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಗಿಡದ ಕಡೆಗೆ ನಡೆದಳು. ಆ ಹೆಂಗಸು ಅವಳನ್ನೇ ನೋಡುತ್ತಿದ್ದರು.

ಆಮೇಲೆ ಮೇಲಿನಿಂದ ಕೆಳಕ್ಕೆ ತೊಳೆದೆವು. ಅಲ್ಲಿನ ಬೋರ್‌ವೆಲ್ ನೀರು ಗಡಸು, ಒಣಗಲು ಬಿಟ್ಟರೆ ಸುಣ್ಣದ ಬಿಳಿ ಚುಕ್ಕೆ ಉಳಿಯುತ್ತದೆ. ಅದಕ್ಕೇ ಮನೆಯಿಂದ ಫಿಲ್ಟರ್ ನೀರನ್ನು ಸ್ಪ್ರೇ ಬಾಟಲಿಯಲ್ಲಿ ತಂದಿದ್ದೆ. ಕೊನೆಗೆ ಅದನ್ನು ಹೊಡೆದು ಕೂಡಲೇ ಟವೆಲು ಹಾಸಿ ಹೀರಿಸಿದೆವು. ಪಾಲಿಶನ್ನು ಮೊದಲು ಮೂಲೆಯಲ್ಲಿ ಅಂಗೈ ಅಗಲ ಹಚ್ಚಿ ನೋಡಿದೆ. ಏನೂ ಅನಾಹುತವಾಗಲಿಲ್ಲ. ಬಾನೆಟ್ಟನ್ನು ನಾಲ್ಕು ಭಾಗ ಮಾಡಿಕೊಂಡು ಇಬ್ಬರೂ ಎಡಬಲ ನಿಂತು ಕೈಯಲ್ಲೇ ಉಜ್ಜಿದೆವು. ಒಂದೂವರೆ ಗಂಟೆ. ಭುಜ ಬಿದ್ದುಹೋಯಿತು. ಮೂರನೇ ಭಾಗಕ್ಕೆ ಬರುವ ಹೊತ್ತಿಗೆ ಬಾನೆಟ್ಟಿನಲ್ಲಿ ಅಮ್ಮನ ಮುಖ ಕಾಣಿಸತೊಡಗಿತು, ಕಿವಿಯ ಓಲೆಯ ಸಮೇತ. "ಅಮ್ಮಾ, ನೋಡೇ, ನೀನು!" ಎಂದು ಕೂಗಿಬಿಟ್ಟೆ. ಅಮ್ಮ ಬಾಗಿ ನೋಡಿ ಕೂದಲು ಸರಿಮಾಡಿಕೊಂಡಳು.

"ಬಿಸಿಲಿಗೆ ತೆಗೀತೀನಿ" ಎಂದು ಕಾರ್ಯದರ್ಶಿಯವರು ಎದ್ದರು. ಅವರು ಕಾರನ್ನು ಗೇಟಿನ ಹತ್ತಿರ ನಿಲ್ಲಿಸಿ, ಇಳಿದು, ಮಂಡಿಯ ಮೇಲೆ ಕೈಯೂರಿ ಬಾನೆಟ್ಟನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿದರು. ಬಲೆ ಹೋಗಿತ್ತು. ಆದರೆ ನಡುವೆ ಎರಡು ಆಳವಾದ ಗೀರು ಇನ್ನೂ ಇದ್ದವು.

"ಎರಡು ಉಳಿದಿದೆ" ಎಂದರು.

"ಉಳಿದಿದೆ ಸರ್. ಅದನ್ನ ಇನ್ನೂ ಉಜ್ಜಿದ್ರೆ ಬಣ್ಣ ಹೋಗುತ್ತೆ. ಅದಕ್ಕೇ ಬಿಟ್ಟೆ."

ಅವರು ಬೆರಳಿನಿಂದ ಆ ಗೀರುಗಳನ್ನು ಸವರಿ ನೋಡಿದರು. ಅವರ ಹೆಂಡತಿ ಮುಂದೆ ಬಂದರು. "ಎರಡು ಗೀರು ಇರ್ಲಿ ಬಿಡ್ರೀ. ನಿಮ್ಮ ಕಂಪ್ನಿಯೋರು ಬಂದ್ರೆ ನನ್ ಕುಂಕುಮಾನ ಪೈಪಲ್ಲಿ ಹೊಡೆದು ಚರಂಡಿಗೆ ಬಿಡ್ತಾರೆ. ಈಯಮ್ಮ ಮಾಡಿದ್ದು ನೋಡಿದ್ರಾ ನೀವು? ಅಥವಾ ಪೇಪರ್ ಓದ್ತಿದ್ರಾ?"

"ನೋಡ್ದೆ ಕಣೇ."

"ಮತ್ತೆ?"

ಕಾರ್ಯದರ್ಶಿಯವರು ಇನ್ನೊಮ್ಮೆ ಬಾನೆಟ್ಟನ್ನು ನೋಡಿ, ಜೇಬಿನಿಂದ ಫೋನು ತೆಗೆದು ಅಲ್ಲೇ ಕಂಪನಿಯವರಿಗೆ ಮಾಡಿದರು. ಅವರು "ಬೇಡ ಕಣ್ರೀ, ನಮ್ಮಲ್ಲೇ ಇದಾರೆ" ಅನ್ನುವುದನ್ನು ಕೇಳಿಸಿಕೊಂಡು ನಾನು ಅಮ್ಮನ ಕೈ ಹಿಡಿಯಲು ತಿರುಗಿದೆ. ಅಮ್ಮ ಅಲ್ಲಿರಲಿಲ್ಲ. ಬಕೆಟ್ಟಿಗೆ ಹೊಸ ನೀರು ತುಂಬಿಕೊಂಡು ಪಕ್ಕದ ಬೆಳ್ಳಿ ಬಣ್ಣದ ಕಾರಿನ ಹತ್ತಿರ ನಿಂತಿದ್ದಳು.

"ಒಂಬತ್ತೂವರೆ ಆಯ್ತು, ಇನ್ನಿಪ್ಪತ್ತೊಂದ್ ಕಾರೈತೆ. ಏನ್ ನೋಡ್ತಾ ನಿಂತಿದ್ದೀಯೇ? ನೀಲಿ ಬಟ್ಟೆ ತಗಾ, ಗಾಜ್ ನಿಂದು."

ನಾನು ಬಟ್ಟೆಯ ತೋಳನ್ನು ಮೊಣಕೈವರೆಗೆ ಮಡಚಿಕೊಂಡೆ. ಕೊನೆಯ ಕಾರು ಮುಗಿಯುವಾಗ ಮಧ್ಯಾಹ್ನ ಒಂದು ಗಂಟೆ. ಅಷ್ಟರಲ್ಲಿ ಮೂರು ಮನೆಯವರು ಬಂದು, ನಮ್ಮ ಗಾಡಿಗೂ ಪಾಲಿಶ್ ಹಾಕ್ತೀರಾ ಅಂತ ಕೇಳಿ ಹೋಗಿದ್ದರು. ಎಷ್ಟಾಗುತ್ತೆ ಅಂದಾಗ ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು, "ತೊಳ್ಯೋದು ಬ್ಯಾರೆ, ಪಾಲಿಸ್ಸು ಬ್ಯಾರೆ ಸಾರ್. ನಮ್ ಮಗ್ಳುನ್ನ ಕೇಳಿ, ಅವ್ಳು ಓದವ್ಳೆ."