ಒಂದೇ ಕಾಯಿಯ ಬೀಜಗಳು

ಕಾಲೇಜಿನಲ್ಲಿ ಎಲ್ಲರ ಬಾಯಲ್ಲೂ ಅವಳು 'ಕೂದಲಮ್ಮ'. ಸಾಸಿವೆ ಕುಟುಂಬದ ಗಿಡಗಳ ಎಲೆಯ ಮೇಲಿನ ರೋಮಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಗುರುತಿಸುವುದೇ ಅವಳ ಕೆಲಸ. ಅಪ್ಪ ಕ್ಷೌರದಂಗಡಿಯವನು. "ಇಬ್ಬರದ್ದೂ ಒಂದೇ ಕಸುಬು ಕಣ್ರೀ. ನನ್ನ ಗಿರಾಕಿ ಬಾಯಿ ಮುಚ್ಚಲ್ಲ, ಅವಳ ಗಿರಾಕಿ ಬಾಯೇ ಬಿಡಲ್ಲ," ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ಎಲೆಯ ಮೈ ಗಾಯವಾಗದಂತೆ ಬ್ಲೇಡಿನಿಂದ ಹೆರೆಯುವುದನ್ನು ಅವಳು ಕಲಿತದ್ದು ಅವನ ಕೈ ನೋಡಿಯೇ.

ನೋಡುವುದನ್ನು ಕಲಿಸಿದವರು ಮೇಷ್ಟ್ರು. ಬಂಡೆಯ ಸಂದಿಯಲ್ಲಿ ಬೆಳೆಯುವ ಒಂದು ಪುಟ್ಟ ಗಿಡವನ್ನು ಬೇರೆಯೇ ಪ್ರಭೇದವೆಂದು ಅವರು ಹಿಂದೆ ತೋರಿಸಿಕೊಟ್ಟಿದ್ದರು. ಅದರ ರೋಮ ನಕ್ಷತ್ರದಂತೆ ಹರಡುತ್ತದೆ. ಅದನ್ನೇ ಹೋಲುವ ಇನ್ನೊಂದು ಗಿಡದ ರೋಮಕ್ಕೆ ಎರಡೇ ಕವಲು. ಹೊಸ ಗಿಡಕ್ಕೆ ಅವರು ಇಟ್ಟದ್ದು ಚಿಕ್ಕಂದಿನಲ್ಲೇ ತೀರಿಹೋದ ತಮ್ಮ ಮಗಳ ಹೆಸರು.

ಆ ಗಿಡದ ಬೀಜಗಳನ್ನು ಅವಳು ಕಾಲೇಜಿನ ತಾರಸಿಯ ಕುಂಡಗಳಲ್ಲಿ ಬಿತ್ತಿದಳು. ಒಂದೇ ಕಾಯಿಯಿಂದ ತೆಗೆದ ಬೀಜಗಳು. ಸಸಿಗಳ ಎಲೆ ಹೆರೆದು, ನೀರಿನ ಹನಿಯಲ್ಲಿಟ್ಟು ನೋಡಿದಳು. ಕೆಲವು ಸಸಿಗಳಲ್ಲಿ ನಕ್ಷತ್ರ, ಕೆಲವುಗಳಲ್ಲಿ ಬರೀ ಎರಡು ಕವಲು. ಮತ್ತೆ ಬಿತ್ತಿದಳು. ಮತ್ತೆ ಹಾಗೆಯೇ ಬಂತು. ಅಂದರೆ ಮೇಷ್ಟ್ರ ಗಿಡ ಬೇರೆ ಪ್ರಭೇದವೇ ಅಲ್ಲ.

ವಿಷಯವನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದಳು. ಊಟ ಸೇರಲಿಲ್ಲ. ಕಡೆಗೆ ಅಪ್ಪನೇ ಕೆದಕಿ ಕೇಳಿದ. ಎಲ್ಲ ಕೇಳಿಸಿಕೊಂಡು, "ಕನ್ನಡಿ ತೋರಿಸದೆ ಗಿರಾಕೀನ ಕುರ್ಚಿಯಿಂದ ಎಬ್ಬಿಸೋಕಾಗುತ್ತೇನಮ್ಮಾ?" ಎಂದ.

ಮೇಷ್ಟ್ರು ಹಾಸಿಗೆ ಹಿಡಿದಿದ್ದರು. ಅವಳು ಕಿಟಕಿಯ ಬಳಿ ಸೂಕ್ಷ್ಮದರ್ಶಕವನ್ನಿಟ್ಟು, ಅವರನ್ನು ಮೆಲ್ಲಗೆ ಎಬ್ಬಿಸಿ ಕೂರಿಸಿದಳು. ಅವರು ಬಹಳ ಹೊತ್ತು ನೋಡಿದರು.

"ಎರಡೂ ಒಂದೇ ತಾಯಿದಾ?"

"ಒಂದೇ ಕಾಯಿದು, ಸಾರ್."

"ಬೀಜ ಬೆರೆತಿರಬಹುದಲ್ಲ?"

"ಅದಕ್ಕೇ ಮತ್ತೆ ಹಾಕಿ ನೋಡಿದೆ ಸಾರ್."

ಅವರು ಕಣ್ಣು ತೆಗೆಯದೆ, "ಸರಿ. ಬರಿ," ಎಂದರು.

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿಗೆ ಎಲ್ಲ ಅರ್ಥವಾಗಿತ್ತು. "ಒಂದು ಗಿಡ," ಎಂದರು. "ಅದೊಂದನ್ನಾದ್ರೂ ನನ್ನ ಮಗಳಿಗೆ ಬಿಡಬಾರದಿತ್ತಾ ನೀನು?"

ಅವಳು ತಲೆ ಬಗ್ಗಿಸಿ ಗಾಜಿನ ಪಟ್ಟಿಗಳನ್ನು ಜೋಡಿಸತೊಡಗಿದಳು. ಮೇಷ್ಟ್ರೂ ತಲೆಯೆತ್ತಲಿಲ್ಲ.

ಅವಳು ಬರೆದದ್ದನ್ನು ಮೇಷ್ಟ್ರೇ ಓದಿ ತಿದ್ದಿಕೊಟ್ಟರು. ಎರಡು ಗಿಡಗಳೂ ಒಂದಾದವು. ನಿಯಮದಂತೆ, ಮೊದಲೇ ಹೆಸರು ಪಡೆದಿದ್ದ ಆ ಇನ್ನೊಂದು ಗಿಡದ ಹಳೆಯ ಹೆಸರು ಉಳಿಯಿತು. ಮಗುವಿನ ಹೆಸರು ಅದರಡಿಯಲ್ಲಿ ಸಣ್ಣ ಅಕ್ಷರಕ್ಕಿಳಿಯಿತು. ಅಚ್ಚಾಗಿ ಬರುವ ಹೊತ್ತಿಗೆ ಮೇಷ್ಟ್ರು ಇರಲಿಲ್ಲ.

ಅವಳು ಆ ಮನೆಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಔಷಧಿ ತಂದುಕೊಡುವಳು, ಕರೆಂಟಿನವನಿಗೆ ಫೋನ್ ಮಾಡುವಳು. ಮೇಷ್ಟ್ರ ಹೆಂಡತಿ ಬಾಗಿಲನ್ನು ಅರ್ಧ ತೆರೆದು, ಬೇಕಾದ್ದನ್ನು ತೆಗೆದುಕೊಂಡು, ತುಟಿ ಬಿಚ್ಚದೆ ಮುಚ್ಚುವರು. ಹಾಗೇ ವರ್ಷ ಉರುಳಿತು. ಒಂದು ಮಧ್ಯಾಹ್ನ ಬಾಗಿಲು ಪೂರ್ತಿ ತೆರೆಯಿತು.

"ಊಟ ಆಯ್ತಾ?"

"ಇಲ್ಲಮ್ಮ."

"ಬಾ, ಕೈ ತೊಳ್ಕೋ."

ಬಡಿಸುತ್ತಾ ಆಕೆ ಮಗಳ ಮಾತೆತ್ತಿದರು. ನೆಗಡಿಯಿದ್ದರೂ ಮಳೆಯಲ್ಲಿ ನೆನೆಯುತ್ತಿದ್ದಳಂತೆ, ಹೇಳಿದ ಮಾತು ಒಂದೂ ಕೇಳುತ್ತಿರಲಿಲ್ಲವಂತೆ. ಕೂದಲಮ್ಮ ತಟ್ಟೆಯಲ್ಲಿ ಕೈಯಿಟ್ಟುಕೊಂಡು, ಅನ್ನ ಆರುವವರೆಗೂ ಕೇಳುತ್ತ ಕುಳಿತಳು.