ಪರದೇಶದ ಹೊಳೆಗೊಂದು ಬಾಗಿನ

ದೇವರ ಮುಂದೆ ಆಗಲೇ ತಪ್ಪೊಪ್ಪಿಕೊಂಡಿದ್ದೇನೆ, ನಿಮ್ಮ ಮುಂದೆ ಹೇಳಲು ನಾಚಿಕೆಯೇನು? ಸರಸ್ವತಿಯ ವಾಹನವಾದ ಹಂಸವನ್ನು ನಾನು ‘ಹೋಗೇ ಮೂದೇವಿ’ ಎಂದು ಬೈದಿದ್ದೇನೆ. ಅದೂ ಇಂಗ್ಲೆಂಡಿನಲ್ಲಿ, ಅದರ ಸ್ವಂತ ಹೊಳೆಯ ದಂಡೆಯಲ್ಲಿ.

ಕುವೈತಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಇಲ್ಲಿ ಹೊಳೆಯಿಲ್ಲ. ಉಪ್ಪು ತೆಗೆದ ಸಮುದ್ರದ ನೀರು ನಲ್ಲಿಯಲ್ಲಿ ಬರುತ್ತದೆ. ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೂ ಬಿಸಿನೀರೇ. ಕಾಯಿಸುವ ಕೆಲಸ ತಪ್ಪಿತಲ್ಲ ಎಂದು ಅದಕ್ಕೂ ಕೈಮುಗಿಯುತ್ತೇನೆ. ನದಿಗಳೆಲ್ಲ ಸಮುದ್ರರಾಜನ ಹೆಂಡತಿಯರಂತೆ. ಗಂಡನ ಮನೆಯ ನೀರೇ ಅಲ್ಲವೇ ಎಂದು ಬಕೆಟ್ಟಿಗೆ ಗಂಗೆ ಕಾವೇರಿಯರನ್ನು ಕರೆದು ಸ್ನಾನ ಮುಗಿಸುತ್ತೇನೆ. ಆದರೆ ಬಕೆಟ್ಟಿಗೆ ಬಾಗಿನ ಕೊಡಲಾಗುವುದಿಲ್ಲ.

ಬಾಗಿನದ ಹರಕೆ ಹೊತ್ತದ್ದು ಎರಡು ವರ್ಷದ ಹಿಂದೆ, ನಮ್ಮ ಯಜಮಾನರ ಎದೆಗೆ ಸ್ಟೆಂಟ್ ಹಾಕಿದ ದಿನ. ಇವರು ಕಣ್ಣುಬಿಟ್ಟು ನನ್ನ ಮೇಲೆ ರೇಗಿದರೆ ಸಾಕು ತಾಯಿ ಕಾವೇರಿ, ಶ್ರೀರಂಗಪಟ್ಟಣಕ್ಕೆ ಬಂದು ಮೊರದ ಬಾಗಿನ ಕೊಡುತ್ತೇನೆ ಎಂದಿದ್ದೆ. ಕಣ್ಣುಬಿಟ್ಟರು. ರೇಗಿಯೂ ರೇಗಿದರು. ಹೋಗಲು ಮಾತ್ರ ಆಗಲಿಲ್ಲ. ಹೋದ ವರ್ಷ ಇಲ್ಲಿನ ಶುಐಬಾ ಎಂಬಲ್ಲಿರುವ ಇವರ ಪ್ಲಾಂಟಿನಲ್ಲಿ ದೊಡ್ಡ ರಿಪೇರಿ, ರಜೆ ಖಲಾಸ್. ಈ ವರ್ಷದ ರಜೆಯನ್ನು ಇಂಗ್ಲೆಂಡಿನಲ್ಲಿರುವ ನನ್ನ ನಾದಿನಿ ಸುಮ ಟಿಕೆಟ್ ಕಳಿಸಿ ಕಸಿದುಕೊಂಡಳು. ಅಷ್ಟರಲ್ಲಿ ಇವರಿಗೆ ಮೆಟ್ಟಿಲು ಹತ್ತುವಾಗ ಏದುಸಿರು ಶುರುವಾಗಿತ್ತು. ಡಾಕ್ಟರ ಹತ್ತಿರ ಹೋಗೋಣವೆಂದರೆ ಇವತ್ತು ನಾಳೆ ಎನ್ನುತ್ತಿದ್ದರು. ಹರಕೆ ತೀರದೆ ಉಳಿದದ್ದಕ್ಕೇ ಹೀಗೆ ಎಂದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಹೇಳಿದರೆ ಇವರು ನಗುತ್ತಿದ್ದರು: “ಹೊಳೆ ಹತ್ರ ನನ್ನ ಫೈಲ್ ಇದ್ಯೇನೇ?”

ಸುಮಳದ್ದು ಹೊಳೆದಂಡೆಯ ಪುಟ್ಟ ಊರು. ನಾಲ್ಕು ದಿನ ಸುತ್ತಲಿನ ಹಳ್ಳಿಗಳಿಗೆಲ್ಲ ನಮ್ಮನ್ನು ನಡೆಸಿದಳು. ಎಲ್ಲ ಹಳ್ಳಿಯೂ ಒಂದೇ: ಕಲ್ಲಿನ ಮನೆ, ಗುಲಾಬಿ ಬಳ್ಳಿ, ಬೀಗ ಹಾಕಿದ ಚರ್ಚು, ಬಾಗಿಲು ತೆರೆದ ಹೆಂಡದಂಗಡಿ. ನರಪಿಳ್ಳೆಯಿಲ್ಲ. ಚಂದವೆಂದರೆ ಚಂದವೇ, ಆದರೆ ಚಂದ ನೋಡಿದರೂ ಮಂಡಿ ನೋಯುತ್ತದೆಂದು ಕ್ಯಾಲೆಂಡರಿನ ಚಿತ್ರಗಳು ಹೇಳುವುದಿಲ್ಲ. ಚರ್ಚಿನ ಅಂಗಳದಲ್ಲೆಲ್ಲ ಬೆಂಚುಗಳಿದ್ದವು, ತೀರಿಕೊಂಡವರ ಹೆಸರಿನಲ್ಲಿ ಹಾಕಿಸಿದ್ದಂತೆ. ಒಬ್ಬೊಬ್ಬ ಪುಣ್ಯಾತ್ಮರಿಗೂ ಸದ್ಗತಿ ಕೋರುತ್ತಾ ಕೂತೆ.

ಐದನೇ ದಿನ, ಹೊಳೆ ಎಲ್ಲಿದ್ದರೂ ಹೊಳೆಯೇ ಎಂದು ನಿರ್ಧರಿಸಿದೆ. ಮೊರ ಎಲ್ಲಿ ಸಿಗಬೇಕು? ಅಲ್ಯೂಮಿನಿಯಂ ಫಾಯಿಲಿನ ತಟ್ಟೆಯಲ್ಲಿ ಅರಿಶಿನ ಕುಂಕುಮ, ಅಕ್ಕಿ, ತೊಗರಿಬೇಳೆ, ಬೆಲ್ಲ, ಗಾಜಿನ ಬಳೆ, ರವಿಕೆ ಕಣ ಇಟ್ಟು ಇನ್ನೊಂದು ತಟ್ಟೆ ಮುಚ್ಚಿದೆ.

“ಅತ್ತಿಗೆ, ನೀರಿಗೇನಾದ್ರೂ ಹಾಕಿದ್ರೆ ಇಲ್ಲಿ ಫೈನ್ ಹಾಕ್ತಾರೆ.”

“ಹಾಕೋದಲ್ಲ ಸುಮಾ, ಕೊಡೋದು.”

ಇವರು ದೂರದ ಬೆಂಚಿನಲ್ಲಿ ನಮ್ಮ ಪರಿಚಯವೇ ಇಲ್ಲದವರಂತೆ ಕೂತರು. ನಾನು ದಂಡೆಯಲ್ಲಿ ಬಾಗಿನವಿಟ್ಟು ಕಣ್ಣುಮುಚ್ಚಿದೆ. ತೆರೆದರೆ ಎದುರಿಗೇ ಹಂಸ! ಮೈ ಜುಮ್ಮೆಂದಿತು. ಹಾಲನ್ನೂ ನೀರನ್ನೂ ಬೇರ್ಪಡಿಸುವ ಆ ಪಕ್ಷಿ, ಮುಚ್ಚಿದ ತಟ್ಟೆ ಎಳೆದೆಸೆದು ಅಕ್ಕಿ ಬೇಳೆ ಒಟ್ಟಿಗೇ ನುಂಗತೊಡಗಿತು. ಬೈದದ್ದು ಆಗ. ಅದು ಬುಸ್ಸೆಂದು ಸೀರೆಗೇ ಬಾಯಿ ಹಾಕಿತು.

ಪಕ್ಕದಲ್ಲಿ ಕಟ್ಟಿದ್ದ ದೋಣಿಮನೆಯಿಂದ ಮುದುಕಿಯೊಬ್ಬಳು ಪೊರಕೆ ಹಿಡಿದು ಬಂದು ಅದನ್ನು ಅಟ್ಟಿದಳು. ಆಮೇಲೆ ಮೆಲ್ಲಗೆ ಇಂಗ್ಲಿಷಿನಲ್ಲಿ ಏನೋ ಕೇಳಿದಳು.

“ಯಾರು ತೀರ್ಕೊಂಡ್ರು ಅಂತಾರೆ, ಅತ್ತಿಗೆ. ಇಲ್ಲಿಗೆ ಬೂದಿ ಬಿಡೋಕೆ ಜನ ಬರ್ತಾರಂತೆ.”

“ಅಯ್ಯೋ, ಬಿಡ್ತು ಅನ್ನು!” ಎಂದು ನಾನು ಮುದುಕಿಗೇ ಕೂಗಿದೆ. ಇದನ್ನು ಇಂಗ್ಲಿಷಿಗೆ ತರಲಾಗದೆ ಸುಮ ಬಾಯಿಬಾಯಿ ಬಿಟ್ಟಳು. ಮುದುಕಿ ನನ್ನ ಮುಖ ನೋಡಿ ಏನು ತಿಳಿದಳೋ, “ಬಿಡ್ಟು” ಎಂದೇಬಿಟ್ಟಳು. ಅಪಶಕುನ ಅಲ್ಲಿಗೆ ಕಳೆಯಿತು.

ನೀರಿಗೆ ಮಾತ್ರ ಬಿಡಕೂಡದು, ಗಾಜು ಬಾತುಕೋಳಿಗಳ ಕಾಲಿಗೆ ಚುಚ್ಚುತ್ತದೆ ಎಂದಳು. ಆಗ ಹೊಳೆಯಿತು: ಬಾಗಿನ ಮುತ್ತೈದೆಗೂ ಸಲ್ಲುತ್ತದಲ್ಲ! ಈಕೆ ಮೂವತ್ತು ವರ್ಷದಿಂದ ಈ ಹೊಳೆಯ ಮೇಲೇ ಇದ್ದಾಳಂತೆ.

“ಗಂಡ ಇದ್ದಾರಾ ಕೇಳು.”

“ಯಾರ್ನೋ ಕಟ್ಕೊಂಡು ಸ್ಪೇನಿಗೆ ಓಡಿಹೋದ್ನಂತೆ.”

“ಬದುಕಿದ್ದಾನೆ ತಾನೇ?”

“ಬದುಕಿದ್ದಾನಂತೆ, ಅದೇ ಬೇಜಾರಂತೆ.”

ಶಾಸ್ತ್ರಕ್ಕೆ ಅಷ್ಟು ಸಾಕು. ಉಳಿದದ್ದನ್ನು ಜೋಡಿಸಿ ಕೊಟ್ಟೆ. ಯಾರೂ ಹೇಳಿಕೊಡದಿದ್ದರೂ ಮಡಿಲಿನ ಏಪ್ರನ್ ಹಿಡಿದು ತೆಗೆದುಕೊಂಡಳು. ಕಾಲಿಗೆ ಬಗ್ಗಿದರೆ, ನಾನೇನೋ ಬೀಳಿಸಿಕೊಂಡೆನೆಂದು ಅವಳೂ ಬಗ್ಗಿ ಹುಡುಕಿದಳು.

ಕುವೈತಿಗೆ ಮರಳಿ ವಾರವಾಗಿತ್ತು. ಬೆಳಿಗ್ಗೆ ಕಂಪನಿ ಬಸ್ಸು ಕೆಳಗೆ ಹಾರ್ನ್ ಹಾಕುತ್ತಿದೆ, ಇವರು ಶೂ ಕಟ್ಟುತ್ತಾ ತಲೆಯೆತ್ತದೆ ಕೇಳಿದರು: “ಏನೇ, ಆ ಮುದುಕಿ ಸರಿಯಾಗಿ ತಗೊಂಡ್ಳು ತಾನೇ?”

“ಏನನ್ನ?”

“ಅದೇ. ಬಾಗಿನ. ಕೆಳಗೆ ಗಿಳಗೆ ಇಡಲಿಲ್ಲ ತಾನೇ?”

ನಗುವವರಿಗೆ ಭಯವಿರುವುದಿಲ್ಲ ಎಂದು ಎರಡು ವರ್ಷ ನಂಬಿಕೊಂಡಿದ್ದೆ ನೋಡಿ.

“ಮಡಿಲಲ್ಲೇ ತಗೊಂಡ್ರು ಕಣ್ರೀ. ಡಾಕ್ಟರ ಹತ್ರ ಹೋಗೋಣ್ವಾ?”

“ಹೂಂ,” ಎಂದರು.

ಕಾವೇರಿಗೆ ಮುಟ್ಟಿತೋ ಇಲ್ಲವೋ, ಊರಿನ ಪುರೋಹಿತರನ್ನು ನಾನಿನ್ನೂ ಕೇಳಿಲ್ಲ. ಡಾಕ್ಟರು ಭಾನುವಾರ ಹತ್ತೂವರೆಗೆ ಬರಹೇಳಿದ್ದಾರೆ.